ಕೊಟ್ಟ ಮಾತಿನ ಬೆನ್ನುಹತ್ತಿ: ಮಾವೊರಿಗಳ ಹಕ್ಕಿನ ಹೋರಾಟ

ಮಾವೊರಿ ಭಾಷೆಯ 'ಫೆನುವಾ' ಎಂಬ ಪದಕ್ಕೆ ಎರಡು ಅರ್ಥಗಳಿವೆ: ಒಂದು ನೆಲ, ಇನ್ನೊಂದು ಹೆರಿಗೆಯ ಮಾಸು. ಹುಟ್ಟಿದ ಮಗುವಿನ ಮಾಸನ್ನು ಹಿರಿಯರ ನೆಲದಲ್ಲಿ ಹೂಳುವುದು ನ್ಯೂಜಿಲೆಂಡಿನ ಈ ಮೂಲನಿವಾಸಿಗಳ ಹಳೆಯ ಪದ್ಧತಿ. ಸುಮಾರು ಏಳುನೂರು ವರ್ಷಗಳ ಹಿಂದೆ ಪೂರ್ವ ಪಾಲಿನೇಷ್ಯದ ದ್ವೀಪಗಳಿಂದ ದೋಣಿಗಳಲ್ಲಿ ಬಂದು ನೆಲೆಸಿದ ಅವರು ತಮ್ಮನ್ನು 'ತಂಗತ ಫೆನುವಾ', ಅಂದರೆ ನೆಲದ ಜನ ಎಂದು ಕರೆದುಕೊಳ್ಳುತ್ತಾರೆ. ನೆಲ ಮತ್ತು ನುಡಿ ಎರಡಕ್ಕೂ ಅವರು ನಡೆಸಿದ ಹೋರಾಟ ಒಂದೇ ಒಪ್ಪಂದದ ಸುತ್ತ ಬೆಳೆದಿದೆ.

ಆ ಒಪ್ಪಂದಕ್ಕೆ ಸಹಿ ಬೀಳಲು ಆರಂಭವಾದದ್ದು 1840ರ ಫೆಬ್ರವರಿ 6ರಂದು, ವೈತಾಂಗಿಯಲ್ಲಿ. ಬ್ರಿಟಿಷರು ಬರೆದ ಕರಡನ್ನು ಪಾದ್ರಿ ಹೆನ್ರಿ ವಿಲಿಯಮ್ಸ್ ಮಗನ ನೆರವಿನಿಂದ ಅವಸರದಲ್ಲಿ ಮಾವೊರಿಗೆ ಅನುವಾದಿಸಿದ್ದರು. ಇಂಗ್ಲಿಷ್ ಪಠ್ಯದ ಪ್ರಕಾರ ಮಾವೊರಿಗಳು ಸಾರ್ವಭೌಮತ್ವವನ್ನೇ ಬ್ರಿಟಿಷ್ ರಾಣಿಗೆ ಒಪ್ಪಿಸಿದರು. ಮಾವೊರಿ ಪಠ್ಯದಲ್ಲಿ ಆ ಜಾಗದಲ್ಲಿದ್ದ ಪದ 'ಕಾವನತಂಗ'. 'ಗವರ್ನರ್' ಎಂಬ ಪದದಿಂದ ಹುಟ್ಟಿದ ಇದರ ಅರ್ಥ ಆಡಳಿತ ಎಂದಷ್ಟೆ. ತಮ್ಮ ನೆಲ, ಹಳ್ಳಿ ಹಾಗೂ 'ತಾಓಂಗ', ಅಂದರೆ ಅಮೂಲ್ಯ ಸಂಪತ್ತಿನ ಮೇಲೆ ಪೂರ್ಣ ಒಡೆತನ ನಾಯಕರಲ್ಲೇ ಉಳಿಯುತ್ತದೆ ಎಂದೂ ಅದರಲ್ಲಿತ್ತು. ಸಹಿ ಹಾಕಿದ ಸುಮಾರು 540 ನಾಯಕರಲ್ಲಿ ಇಂಗ್ಲಿಷ್ ಪ್ರತಿಗೆ ಸಹಿ ಹಾಕಿದವರು 39 ಮಂದಿ ಮಾತ್ರ. ಉಳಿದವರೆಲ್ಲ ಒಪ್ಪಿದ್ದು ಮಾವೊರಿ ಪಠ್ಯವನ್ನು.

ವಲಸಿಗರ ಸಂಖ್ಯೆ ಹೆಚ್ಚಿದಂತೆ ಒಪ್ಪಂದ ಮೂಲೆ ಸೇರಿತು. 1863ರಲ್ಲಿ ಬ್ರಿಟಿಷ್ ಸೇನೆ ವೈಕಾಟೊ ಪ್ರದೇಶಕ್ಕೆ ನುಗ್ಗಿತು. ಅದೇ ವರ್ಷದ ಕಾಯ್ದೆಯ ಅಡಿಯಲ್ಲಿ ಅಲ್ಲಿ ಸುಮಾರು 12 ಲಕ್ಷ ಎಕರೆ ಭೂಮಿ ಮುಟ್ಟುಗೋಲಾಯಿತು. 1865ರಲ್ಲಿ ಸ್ಥಾಪನೆಯಾದ ಭೂ ನ್ಯಾಯಾಲಯ ಬುಡಕಟ್ಟಿನ ಸಾಮೂಹಿಕ ನೆಲಕ್ಕೆ ವ್ಯಕ್ತಿಗಳ ಹೆಸರಿನಲ್ಲಿ ಹಕ್ಕುಪತ್ರ ಕೊಟ್ಟಿತು, ಮಾರಾಟ ಸಲೀಸಾಯಿತು. 1877ರಲ್ಲಿ ನ್ಯಾಯಾಲಯವೊಂದು ವೈತಾಂಗಿ ಒಪ್ಪಂದಕ್ಕೆ ಕಾನೂನಿನ ಬೆಲೆಯೇ ಇಲ್ಲವೆಂದಿತು. ರೋಗ, ಯುದ್ಧ, ಬಡತನಗಳಿಂದ 1896ರ ವೇಳೆಗೆ ಮಾವೊರಿಗಳ ಸಂಖ್ಯೆ ಸುಮಾರು 42,000ಕ್ಕೆ ಇಳಿದಿತ್ತು.

ಈ ಕಾಲದ ಅತ್ಯಂತ ಧೀರ ಪ್ರತಿರೋಧ ನಡೆದದ್ದು ತರನಾಕಿ ಸೀಮೆಯ ಪರಿಹಾಕ ಎಂಬ ಹಳ್ಳಿಯಲ್ಲಿ. ತೆ ಫಿತಿ ಮತ್ತು ತೊಹು ಎಂಬ ನಾಯಕರು ಹಿಂಸೆಯನ್ನು ಪೂರ್ತಿ ತೊರೆದಿದ್ದರು. ವಲಸಿಗರು ಹಿಡಿದ ಹೊಲಗಳಲ್ಲಿ ಅವರ ಜನ ನೇಗಿಲು ಹೂಡುತ್ತಿದ್ದರು. ಒಬ್ಬರ ಬಂಧನವಾದರೆ ಇನ್ನೊಬ್ಬರು ನೇಗಿಲು ಹಿಡಿಯುತ್ತಿದ್ದರು. 1881ರ ನವೆಂಬರ್ 5ರಂದು ಸುಮಾರು 1,600 ಮಂದಿಯ ಸಶಸ್ತ್ರ ಪಡೆ ಊರನ್ನು ಸುತ್ತುವರಿಯಿತು. ಅದಕ್ಕೆ ಎದುರಾದದ್ದು ಹಾಡುತ್ತಾ ಕುಣಿಯುತ್ತಾ ನಿಂತ ಮಕ್ಕಳು. ಬಂದವರಿಗೆಂದು ಊರಿನವರು ರೊಟ್ಟಿ ಸುಟ್ಟಿಟ್ಟಿದ್ದರು. ಆದರೂ ನಾಯಕರನ್ನು ವಿಚಾರಣೆಯಿಲ್ಲದೆ ಸೆರೆಯಲ್ಲಿಟ್ಟರು, ಮನೆಗಳನ್ನು ಕೆಡವಿದರು. ಸರ್ಕಾರ ಕ್ಷಮೆ ಕೇಳಿದ್ದು 2017ರಲ್ಲಿ.

ನೆಲದ ಹಿಂದೆಯೇ ನುಡಿಯೂ ಹೋಯಿತು. ಶಾಲೆಗಳಲ್ಲಿ ಮಾವೊರಿ ಆಡಿದ ಮಕ್ಕಳು ಏಟು ತಿಂದರು. ಎರಡನೇ ಮಹಾಯುದ್ಧದ ನಂತರ ಕುಟುಂಬಗಳು ನಗರ ಸೇರಿದಾಗ ಮನೆಮಾತೂ ಇಂಗ್ಲಿಷಾಯಿತು. 1972ರಲ್ಲಿ ಯುವಜನರು ಮಾವೊರಿ ಕಲಿಕೆಗಾಗಿ 30,000ಕ್ಕೂ ಹೆಚ್ಚು ಸಹಿಗಳ ಮನವಿಯನ್ನು ಸಂಸತ್ತಿಗೆ ಸಲ್ಲಿಸಿದರು. 1982ರಲ್ಲಿ 'ಕೊಹಾಂಗ ರೇಓ', ಅಂದರೆ ನುಡಿಗೂಡು ಎಂಬ ಶಿಶುವಿಹಾರಗಳು ಆರಂಭವಾದವು. ಅಲ್ಲಿ ಅಜ್ಜ ಅಜ್ಜಿಯರು ಐದು ವರ್ಷದೊಳಗಿನ ಮಕ್ಕಳೊಂದಿಗೆ ಮಾವೊರಿಯಲ್ಲೇ ಮಾತಾಡುತ್ತಾರೆ.

ನೆಲದ ಹೋರಾಟವೂ ಈ ನಡುವೆ ಬೀದಿಗೆ ಬಂತು. 1975ರ ಸೆಪ್ಟೆಂಬರ್‌ನಲ್ಲಿ 79 ವರ್ಷದ ಮಾವೊರಿ ನಾಯಕಿ ಫಿನಾ ಕೂಪರ್ ಪುಟ್ಟ ಮೊಮ್ಮಗಳ ಕೈ ಹಿಡಿದು ಉತ್ತರದ ತೆ ಹಾಪುವ ಊರಿನಿಂದ ಹೊರಟರು. ಸುಮಾರು ಸಾವಿರ ಕಿ.ಮೀ. ಸಾಗಿ ಅವರ ಜಾಥಾ ರಾಜಧಾನಿ ವೆಲಿಂಗ್ಟನ್ ಮುಟ್ಟಿದಾಗ ಸಾವಿರಾರು ಜನ ಜೊತೆಗಿದ್ದರು. ಒಪ್ಪಂದದ ಉಲ್ಲಂಘನೆಗಳನ್ನು ವಿಚಾರಿಸುವ ವೈತಾಂಗಿ ನ್ಯಾಯಮಂಡಳಿಯ ಕಾಯ್ದೆ ಅದೇ ವರ್ಷ ಬಂತು. ಮೊದಲು ಹೊಸ ದೂರುಗಳಿಗಷ್ಟೇ ಸೀಮಿತವಾಗಿದ್ದ ಮಂಡಳಿಗೆ 1985ರಲ್ಲಿ 1840ರವರೆಗೂ ಹಿಂದಕ್ಕೆ ಹೋಗುವ ಅಧಿಕಾರ ದೊರೆಯಿತು. ಮರುವರ್ಷ ಅದು ಮಾವೊರಿ ಭಾಷೆಯೂ ಒಪ್ಪಂದದಲ್ಲಿ ಹೇಳಿದ 'ತಾಓಂಗ'ವೇ ಎಂದು ತೀರ್ಮಾನಿಸಿತು. 1987ರಲ್ಲಿ ಮಾವೊರಿ ಅಧಿಕೃತ ಭಾಷೆಯಾಯಿತು.

ಮುಟ್ಟುಗೋಲಾದ ನೆಲಕ್ಕಾಗಿ 1995ರಲ್ಲಿ ಕಾಯ್ದೆಯೊಂದರ ಮೂಲಕ ವೈಕಾಟೊ ಜನರಿಗೆ 17 ಕೋಟಿ ನ್ಯೂಜಿಲೆಂಡ್ ಡಾಲರ್ ಮೌಲ್ಯದ ಪರಿಹಾರ ದೊರೆಯಿತು. ಕ್ಷಮಾಪಣೆಯಿದ್ದ ಆ ಕಾಯ್ದೆಗೆ ರಾಣಿ ಎಲಿಜಬೆತ್ ಖುದ್ದಾಗಿ ಅಂಕಿತ ಹಾಕಿದರು. 2017ರ ಮಾರ್ಚ್‌ನಲ್ಲಿ ಫಾಂಗನುಯಿ ನದಿಗೆ ಕಾನೂನುಬದ್ಧ ವ್ಯಕ್ತಿಯ ಸ್ಥಾನ ಸಿಕ್ಕಿತು. ನದಿಯನ್ನು ಹಿರಿಯನೆಂದೇ ಬಗೆಯುವ ಬುಡಕಟ್ಟು ಇದಕ್ಕಾಗಿ ತಲೆಮಾರುಗಳ ಕಾಲ ಹೋರಾಡಿತ್ತು. ಅದೇ ತಿಂಗಳು ಉತ್ತರಾಖಂಡ ಹೈಕೋರ್ಟ್ ಗಂಗಾ, ಯಮುನಾ ನದಿಗಳಿಗೂ ಇಂಥದೇ ಸ್ಥಾನ ಘೋಷಿಸಿತು. ಸುಪ್ರೀಂ ಕೋರ್ಟ್ ಬಳಿಕ ಆ ಆದೇಶಕ್ಕೆ ತಡೆ ನೀಡಿತು.

ಮೂಲನಿವಾಸಿಗಳ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ 2007ರ ಘೋಷಣೆಗೆ ವಿರುದ್ಧ ಮತ ಹಾಕಿದ ನಾಲ್ಕು ದೇಶಗಳಲ್ಲಿ ನ್ಯೂಜಿಲೆಂಡ್ ಕೂಡ ಒಂದು. 2010ರಲ್ಲಿ ಅದು ಬೆಂಬಲ ಸೂಚಿಸಿತು. ಆದರೂ ಗಳಿಸಿದ್ದನ್ನು ಕಾಯುವ ಕೆಲಸ ಮುಗಿದಿಲ್ಲ. ಒಪ್ಪಂದದ ತತ್ವಗಳಿಗೆ ಹೊಸ ವ್ಯಾಖ್ಯಾನ ಕೊಡುವ ಮಸೂದೆಯೊಂದು 2024ರಲ್ಲಿ ಬಂದಾಗ, ಒಪ್ಪಂದದ ಹಕ್ಕುಗಳು ಅದರಿಂದ ಸೊರಗುತ್ತವೆಂದು ಮಾವೊರಿಗಳು ಕಂಡರು. ಯುವ ಸಂಸದೆ ಹಾನಾ ರಾಫಿತಿ ಮೈಪಿ-ಕ್ಲಾರ್ಕ್ ಸದನದಲ್ಲಿ ಮಸೂದೆಯ ಪ್ರತಿ ಹರಿದು, ಮಾವೊರಿಗಳ ಪಾರಂಪರಿಕ ಗರ್ಜನೆಯ ಕುಣಿತವಾದ ಹಾಕಾ ಆರಂಭಿಸಿದರು. ಪೊಲೀಸರ ಅಂದಾಜಿನಂತೆ 42,000 ಜನ ಸಂಸತ್ತಿನೆದುರು ಸೇರಿದರು. 2025ರ ಏಪ್ರಿಲ್‌ನಲ್ಲಿ ಆ ಮಸೂದೆ 11ರ ವಿರುದ್ಧ 112 ಮತಗಳಿಂದ ಬಿದ್ದುಹೋಯಿತು.