ಮೂರೂಮುಕ್ಕಾಲಕ್ಕೇ ಎಲ್‌ಕೆಜಿ: ಅವಸರ ಮಾಡಿದ್ರೆ ವರ್ಷ ಉಳಿಯುತ್ತಾ?

ಇವತ್ತಿನ ಪ್ರಶ್ನೆ ಸಣ್ಣದು, ಆದರೆ ಮನೆಮನೆಯಲ್ಲಿ ಜಗಳ ಹಚ್ಚೋವಂಥದ್ದು. ಕೂಸಿಗೆ ನಾಲ್ಕು ತುಂಬೋ ಮೊದಲೇ ಎಲ್‌ಕೆಜಿಗೆ ಹೆಸರು ಹಚ್ಚಬೇಕಾ, ಒಂದು ವರ್ಷ ತಡೀಬೇಕಾ?

ಮೊದಲು ನಿಯಮ ನೋಡೋಣ. ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಅಂತ ಕರ್ನಾಟಕ ಸರ್ಕಾರ 2022ರಲ್ಲಿ ಆದೇಶ ಮಾಡಿತು. ಆಗಲೇ ಎಲ್‌ಕೆಜಿ, ಯುಕೆಜಿಯಲ್ಲಿದ್ದ ಮಕ್ಕಳಿಗೆ ತೊಂದರೆ ಆಗಬಾರದು ಅಂತ ಜಾರಿಯನ್ನು 2025-26ಕ್ಕೆ ಮುಂದೂಡಿತು. ಆ ವರ್ಷ ಬಂದಾಗ ಪಾಲಕರ ಒತ್ತಾಯ ಜೋರಾಯಿತು. ಯುಕೆಜಿ ಮುಗಿಸಿದ್ದರೆ ಐದು ವರ್ಷ ಐದು ತಿಂಗಳು ಸಾಕು, ಆದರೆ ಈ ಸಡಿಲಿಕೆ ಇದೊಂದೇ ವರ್ಷಕ್ಕೆ ಅಂತ ಸರ್ಕಾರ ಹೇಳಿತು. ಒಂದನೇ ತರಗತಿಗೆ ಆರು ಅಂದಮೇಲೆ ಯುಕೆಜಿಗೆ ಐದು, ಎಲ್‌ಕೆಜಿಗೆ ನಾಲ್ಕು. ಲೆಕ್ಕ ಅಷ್ಟೇ.

ಈಗ ನಮ್ಮ ಮನೆಯದೇ ಉದಾಹರಣೆ ಕೊಡ್ತೀನಿ. ಮನಗೂಳಿಯಲ್ಲಿರೋ ನಮ್ಮ ಅಕ್ಕನ ಮಗಳು ಹುಟ್ಟಿದ್ದು 2022ರ ಆಗಸ್ಟ್‌ನಲ್ಲಿ. 2026ರ ಜೂನ್ 1ಕ್ಕೆ ಅವಳಿಗೆ ಮೂರು ವರ್ಷ ಒಂಬತ್ತು ತಿಂಗಳು. “ಎರಡು ತಿಂಗಳಿಗೆ ಏನಾಗತೈತಿ? ಕೂಡಿಸಿದ್ರ ಒಂದು ವರ್ಷ ಉಳೀತೈತಿ,” ಅಂತಾಳ ಅಕ್ಕ.

ಉಳಿಯಲ್ಲ ನೋಡ್ರಿ. 2026ಕ್ಕೆ ಎಲ್‌ಕೆಜಿ, 2027ಕ್ಕೆ ಯುಕೆಜಿ ಆದರೆ, 2028ರ ಜೂನ್‌ಗೆ ಅವಳಿಗೆ ಐದು ವರ್ಷ ಒಂಬತ್ತು ತಿಂಗಳು. ಆರರ ಬಾಗಿಲು ಇನ್ನೂ ತೆರೆದಿರಲ್ಲ. ಗೆಳತಿಯರು ಒಂದನೇ ತರಗತಿಗೆ ಹೋದಾಗ ಇವಳು ಮತ್ತೊಮ್ಮೆ ಯುಕೆಜಿ. ಫೀ, ವ್ಯಾನಿನ ಖರ್ಚು ಕೂಡ ಮತ್ತೊಮ್ಮೆ. ಮುಂದೆ ಸಡಿಲಿಕೆ ಸಿಕ್ಕರೆ ದಾಟಬಹುದು. ಆದರೆ ಸಿಗುತ್ತೆ ಅಂತ ನಂಬಿ ಇವತ್ತು ಫೀ ಕಟ್ಟೋದು ಒಂಥರಾ ಜೂಜು.

ಹಿಂದೆ ಹೀಗಿರಲಿಲ್ಲ. ಕೈಯನ್ನು ತಲೆ ಮೇಲಿಂದ ತಂದು ಆ ಕಡೆ ಕಿವಿ ಮುಟ್ಟಿದರೆ ಮಾಸ್ತರು ಹೆಸರು ಹಚ್ಚಿಕೊಳ್ತಿದ್ದರು, ಹುಟ್ಟಿದ ದಿನ ಗೊತ್ತಿಲ್ಲದಿದ್ದರೆ ಜೂನ್ 1 ಅಂತ ಬರೀತಿದ್ದರು. ನಮ್ಮ ಹಿರಿಯರಲ್ಲಿ ಎಷ್ಟೋ ಜನರ ದಾಖಲೆಯಲ್ಲಿ ಇವತ್ತಿಗೂ ಅದೇ ತಾರೀಖು! ಈಗ ಆ ದಾರಿ ಇಲ್ಲ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ ಪ್ರವೇಶದಲ್ಲಿ ಜನನ ಪ್ರಮಾಣಪತ್ರವೇ ವಯಸ್ಸಿನ ದಾಖಲೆ ಅಂತ ಕೇಂದ್ರದ ಕಾನೂನೇ ಹೇಳುತ್ತೆ.

ಹಾಗಂತ ಕೂಸು ಮನೆಯಲ್ಲಿ ಮೊಬೈಲ್ ನೋಡ್ತಾ ಕೂರಬೇಕಾ? ಬೇಡ. ಮೂರರಿಂದ ಆರು ವರ್ಷದವರಿಗೆ ಅಂಗನವಾಡಿ ಇದೆ. ಫೀ ಇಲ್ಲ, ಊಟ ಇದೆ, ಹಾಡು, ಕಥೆ, ಆಟ ಇದೆ. ನಾಲ್ಕು ಮಕ್ಕಳ ಜೊತೆ ಕೂತು ತಾನೇ ತುತ್ತು ತಿನ್ನೋದು, ಒಂದಕ್ಕೆ ಬಂದರೆ ಹೇಳೋದು, ತನ್ನ ಸರದಿಗೆ ಕಾಯೋದು. ಎಲ್‌ಕೆಜಿಗೆ ಬೇಕಾದ ತಯಾರಿ ಇದೇ. ಪೆನ್ಸಿಲ್ ಹಿಡಿಯೋ ಬೆರಳು ಇನ್ನೂ ಗಟ್ಟಿಯಾಗದ ಕೂಸನ್ನು ತನಗಿಂತ ವರ್ಷ ದೊಡ್ಡವರ ಪಕ್ಕ ಕೂರಿಸಿದರೆ, ಅದು ದಡ್ಡ ಅಲ್ಲದಿದ್ದರೂ ‘ಹಿಂದೆ’ ಅನ್ನೋ ಹೆಸರು ಬೀಳುತ್ತೆ.

ಆದ್ದರಿಂದ ನಾನು ಅಕ್ಕನಿಗೆ ಹೇಳಿದ್ದು ಇಷ್ಟೇ: ಈ ವರ್ಷ ಅಂಗನವಾಡಿ, 2027ಕ್ಕೆ ಎಲ್‌ಕೆಜಿ. ನೀವೂ ಅಡ್ಮಿಷನ್ ಫೀ ಕಟ್ಟೋ ಮೊದಲು ಶಾಲೆಯವರಿಗೆ ಒಂದೇ ಮಾತು ಕೇಳಿ: “ನಮ್ಮ ಕೂಸು ಒಂದನೇ ತರಗತಿ ಮುಟ್ಟೋ ಜೂನ್ 1ಕ್ಕೆ ಅದರ ವಯಸ್ಸೆಷ್ಟು? ಆಗ ಸೇರಿಸ್ಕೊಳ್ತೀರಾ?” ಬೆರಳು ಮಡಿಚಿ ಎಣಿಸಿದರೂ ಸಾಕು, ಉತ್ತರ ಸಿಗುತ್ತೆ.

ನಿಮ್ಮ ಮನೆಯ ಲೆಕ್ಕ ಹೇಗಿದೆ, ವಾಯ್ಸ್ ಮೆಸೇಜ್ ಕಳಿಸಿ. ಮತ್ತೆ ಸಿಗೋಣ.