ಒಂಟಿ ಪೂರೈಕೆಗೆ ತಕ್ಕ ವರ್ಧಕ

ಭಟ್ಕಳ ತಾಲ್ಲೂಕಿನ ಮುಟ್ಟಳ್ಳಿಯಲ್ಲಿ 2022ರ ಆಗಸ್ಟ್ ತಿಂಗಳ ಮಳೆಗೆ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಮಡಿದರು. ಇಳಿಜಾರಿನ ಮಣ್ಣಿನೊಳಗೆ ನೀರಿನ ಒತ್ತಡ ಏರಿದಂತೆ ಅದರ ಹಿಡಿತ ಸಡಿಲುತ್ತದೆ. ಆ ಒತ್ತಡವನ್ನು ಅಳೆಯುವ ಸಂವೇದಕವೊಂದು ಸೊನ್ನೆಯಿಂದ 40 ಮಿಲಿವೋಲ್ಟಿನವರೆಗೆ ಸಂಕೇತ ಕೊಡುತ್ತದೆಂದು ಭಾವಿಸೋಣ. ಅದನ್ನು 50 ಪಟ್ಟು ಹಿಗ್ಗಿಸಿ 2 ವೋಲ್ಟು ಮಾಡುವ ಕೆಲಸ ಆಪರೇಷನಲ್ ಆಂಪ್ಲಿಫೈಯರ್ ಎಂಬ ವರ್ಧಕದ್ದು. ಗುಡ್ಡದ ಮೇಲೆ ಅದಕ್ಕೆ ದೊರೆಯುವುದು ಮೂರು ಶುಷ್ಕಕೋಶಗಳ 4.5 ವೋಲ್ಟು ಮಾತ್ರ. ಸೊನ್ನೆಗಿಂತ ಕೆಳಗೆ ಋಣ ವೋಲ್ಟೇಜು ಇಲ್ಲದ ಇಂತಹ ಏರ್ಪಾಡೇ ಒಂಟಿ ಪೂರೈಕೆ.

1968ರಲ್ಲಿ ಬಂದ 741 ಎಂಬ ವರ್ಧಕವು ಪ್ರಯೋಗಶಾಲೆಗಳಲ್ಲಿ ಸುಪರಿಚಿತ. ಆದರೆ ಅದು ಧನ 15, ಋಣ 15 ವೋಲ್ಟುಗಳ ಜೋಡಿ ಪೂರೈಕೆಗೆಂದು ರೂಪುಗೊಂಡದ್ದು. ಪೂರೈಕೆಯ ಎರಡೂ ಅಂಚುಗಳಿಂದ ಸುಮಾರು 2 ವೋಲ್ಟು ಒಳಗಿರುವ ಸಂಕೇತವನ್ನಷ್ಟೇ ಅದು ಸರಿಯಾಗಿ ಗ್ರಹಿಸಬಲ್ಲುದು. ಒಂಟಿ ಪೂರೈಕೆಯಲ್ಲಿ ಕೆಳ ಅಂಚೇ ಸೊನ್ನೆ. ನಮ್ಮ ಸಂಕೇತವಿರುವುದೂ ಅಲ್ಲಿಯೇ!

ಎಲ್‌ಎಂ358 ಸೊನ್ನೆಯ ಸಂಕೇತವನ್ನೂ ಗ್ರಹಿಸುತ್ತದೆ, ಬೆಲೆಯೂ ಅಗ್ಗ. ಅದರ ಕೊರತೆಯಿರುವುದು ಮೇಲಂಚಿನಲ್ಲಿ. ಪೂರೈಕೆಗಿಂತ ಸುಮಾರು 1.5 ವೋಲ್ಟು ಕೆಳಗೇ ಅದರ ಏರಿಕೆ ನಿಂತುಬಿಡುತ್ತದೆ. ಕೋಶಗಳು ಹೊಸವಾಗಿದ್ದಾಗ 3 ವೋಲ್ಟು ದೊರೆಯುವುದರಿಂದ ತೊಂದರೆ ಕಾಣದು. ಅವು ಸವೆದು ಪೂರೈಕೆ 3.3ಕ್ಕೆ ಇಳಿದರೆ 1.8 ವೋಲ್ಟೇ ಮಿತಿ. ಆಗ ಗುಡ್ಡ ಅತ್ಯಂತ ನೆನೆದ ರಾತ್ರಿಯೇ ಅಳತೆ ತಪ್ಪುತ್ತದೆ.

ಆದುದರಿಂದ ಎರಡು ಅಂಚುಗಳನ್ನೂ ಬಹುಮಟ್ಟಿಗೆ ಮುಟ್ಟಬಲ್ಲ ಎಂಸಿಪಿ6002ರಂತಹ ವರ್ಧಕವೇ ಮೇಲು. 1.8 ವೋಲ್ಟಿನಲ್ಲಿಯೂ ಅದು ನಡೆಯುತ್ತದೆ. ಪೂರೈಕೆ 6 ವೋಲ್ಟನ್ನು ಮಾತ್ರ ಮೀರಬಾರದು. ಅದರಲ್ಲಿ 4.5 ಮಿಲಿವೋಲ್ಟಿನವರೆಗೆ ಹುಟ್ಟುದೋಷ ಇರಬಹುದು. 40 ಮಿಲಿವೋಲ್ಟಿನ ಸಂಕೇತಕ್ಕೆ ಇದು ಅಲ್ಪವಲ್ಲ. ಉಪಕರಣವನ್ನು ಗುಡ್ಡಕ್ಕೆ ಒಯ್ಯುವ ಮುನ್ನವೇ, ಗೊತ್ತಿರುವ ಒತ್ತಡಗಳಲ್ಲಿ ಅಳೆದು ಈ ದೋಷವನ್ನು ಲೆಕ್ಕಕ್ಕೆ ಹಿಡಿಯಬೇಕು.