ಬೋರ್ ಮಾಡಿಸಿದ ಡೀಸೆಲ್ ಎಂಜಿನ್ನಿನಲ್ಲಿ ಕಂಪ್ರೆಷನ್ ಏಕೆ ಕಡಿಮೆ?

ರಾಗಿ ತೆನೆ ಬರುವ ಹೊತ್ತಿಗೆ ಮಳೆ ಕೈಕೊಟ್ಟರೆ ದೊಡ್ಡಬಳ್ಳಾಪುರದ ಕಡೆಯ ಖುಷ್ಕಿ ರೈತರಿಗೆ ಕೃಷಿ ಹೊಂಡದ ನೀರೇ ಆಧಾರ. 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡದ ಜೊತೆಗೆ ಡೀಸೆಲ್ ಪಂಪ್‌ಸೆಟ್ಟಿಗೂ ಸಹಾಯಧನ ದೊರೆಯಿತು. ಅಂಥ ಎಂಜಿನ್ನು ಸವೆದಿದೆ. ಬೋರ್ ಮಾಡಿಸಿ, ಹೊಸ ಪಿಸ್ಟನ್ನು, ರಿಂಗು ಹಾಕಿಸಿ ತಂದಿದ್ದೀರಿ. ಹ್ಯಾಂಡಲ್ ತಿರುಗಿಸಿ ತೋಳು ಸೋತರೂ ಅದು ಹತ್ತುವುದಿಲ್ಲ. ಬಿಳಿ ಹೊಗೆ ಬಿಟ್ಟು ಸುಮ್ಮನಾಗುತ್ತದೆ. ಮತ್ತೆ ಪೂರ್ತಿ ಬಿಚ್ಚಿಸಿ ಹಣ ಕಳೆಯುವ ಮುನ್ನ ದೋಷ ಎಲ್ಲಿದೆಯೆಂದು ನೀವೇ ನೋಡಬಹುದು.

ಡೀಸೆಲ್ ಎಂಜಿನ್ನಿಗೆ ಕಿಡಿ ಇಲ್ಲ. ಗಾಳಿಯನ್ನು ಸುಮಾರು 17ನೇ ಒಂದು ಭಾಗಕ್ಕೆ ಅದುಮಿದಾಗ ಹುಟ್ಟುವ ಶಾಖದಿಂದಲೇ ಡೀಸೆಲ್ ಹೊತ್ತಿಕೊಳ್ಳಬೇಕು. ಗಾಳಿ ಸೋರಿದರೆ ಶಾಖವಿಲ್ಲ.

ಮೊದಲು ಡಿಕಂಪ್ರೆಷನ್ ಲಿವರನ್ನು ನೋಡಿ. ಜೋಡಿಸುವಾಗ ಅದರ ಹೊಂದಾಣಿಕೆ ತಪ್ಪಿದ್ದರೆ ಲಿವರ್ ಮಡಚಿದರೂ ವಾಲ್ವು ಕೂದಲೆಳೆಯಷ್ಟು ತೆರೆದೇ ಇರುತ್ತದೆ. ಕಾಸು ಖರ್ಚಿಲ್ಲದ ಈ ದೋಷವನ್ನೇ ಎಲ್ಲರೂ ಕಡೆಗೆ ನೋಡುವುದು! ಅನಂತರ ಟ್ಯಾಪೆಟ್ ಸಂದು. ವಾಲ್ವಿನ ಸೀಟು ಕತ್ತರಿಸಿದಾಗ ವಾಲ್ವು ಒಳಕ್ಕೆ ಇಳಿದು ಅದರ ಕಡ್ಡಿ ಮೇಲೇರುತ್ತದೆ. ಹಳೆಯ ಸಂದು ಉಳಿಯುವುದಿಲ್ಲ. ಎರಡು ವಾಲ್ವುಗಳೂ ಮುಚ್ಚಿ, ಪಿಸ್ಟನ್ನು ಮೇಲಿರುವಾಗ ಫೀಲರ್ ಗೇಜ್ ಇಟ್ಟು ಕೈಪಿಡಿಯಲ್ಲಿ ಹೇಳಿದಷ್ಟು ಸಂದು ಬಿಡಿ.

ಇನ್ನು ಕಿವಿಗೆ ಕೆಲಸ. ಡೀಸೆಲ್ ನಿಲ್ಲಿಸಿರಿ, ಇಲ್ಲವಾದರೆ ಎಂಜಿನ್ನು ಒದ್ದು ಕೈ ಮುರಿದೀತು. ಫ್ಲೈವೀಲನ್ನು ನಿಧಾನವಾಗಿ ತಿರುಗಿಸಿ, ಬಿಗಿ ಬಂದೆಡೆ ಒತ್ತಿಹಿಡಿಯಿರಿ, ಜೊತೆಗಿರುವವರು ಆಲಿಸಲಿ. ಏರ್ ಕ್ಲೀನರಿನಲ್ಲಿ ಬುಸ್ಸೆಂದರೆ ಗಾಳಿ ಒಳಬರುವ ವಾಲ್ವು, ಸೈಲೆನ್ಸರಿನಲ್ಲಿ ಬಂದರೆ ಹೊಗೆಯ ವಾಲ್ವು ಸೋರುತ್ತಿದೆ. ಸಂದು ಸರಿಯಿದ್ದೂ ಹೀಗಾದರೆ ಹೆಡ್ಡು ಬಿಚ್ಚಿ ವಾಲ್ವು ಅರೆಯಿಸಬೇಕು. ತಂಪು ನೀರಿನಲ್ಲಿ ಗುಳ್ಳೆ ಬಂದರೆ ಗ್ಯಾಸ್ಕೆಟ್ಟು, ಇಲ್ಲವೇ ಬಿರುಕು. ಆಯಿಲ್ ಹಾಕುವ ಬಾಯಿಯಲ್ಲಿ ಬಂದರೆ ರಿಂಗು: ಬಾಯಿಗಳು ಒಂದೇ ಸಾಲಿಗೆ ಬಂದಿರಬಹುದು, ರಿಂಗು ತಲೆಕೆಳಗಾಗಿರಬಹುದು.

ರಿಂಗನ್ನು ಪರೀಕ್ಷಿಸಲು ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಡುವುದುಂಟು. ಕಾರಿನ ಪೆಟ್ರೋಲ್ ಎಂಜಿನ್ನಿಗೆ ಒಪ್ಪುವ ಈ ಕ್ರಮ ಇಲ್ಲಿ ಮೋಸಮಾಡಬಹುದು. 80 ಮಿ.ಮೀ. ಬೋರ್, 110 ಮಿ.ಮೀ. ಸ್ಟ್ರೋಕಿನ ಎಂಜಿನ್ನಿನಲ್ಲಿ ಪಿಸ್ಟನ್ನು ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 35 ಘನ ಸೆಂ.ಮೀ. ಮಾತ್ರ. 5 ಘನ ಸೆಂ.ಮೀ. ಎಣ್ಣೆಯೇ ಅದರ ಏಳನೇ ಒಂದು ಭಾಗ ತುಂಬಿ, ರಿಂಗಿನಲ್ಲಿ ದೋಷವಿಲ್ಲದಿದ್ದರೂ ಬಿಗಿ ಹೆಚ್ಚಿಸುತ್ತದೆ. ಎಣ್ಣೆ ಹೆಚ್ಚಾದರೆ ಕನೆಕ್ಟಿಂಗ್ ರಾಡೇ ಬಾಗೀತು.

ಎಲ್ಲಿಯೂ ಸದ್ದಿಲ್ಲ, ಆದರೂ ಬಿಗಿ ಸಾಲದೆಂದರೆ ಗ್ಯಾಸ್ಕೆಟ್ಟಿನ ದಪ್ಪ ಕೇಳಿ. ಇದೇ ಎಂಜಿನ್ನಿಗೆ 1 ಮಿ.ಮೀ. ಹೆಚ್ಚು ದಪ್ಪದ್ದು ಹಾಕಿದರೆ 17ರ ಅನುಪಾತ 15ಕ್ಕೆ ಇಳಿಯುತ್ತದೆ. ಟೈಮಿಂಗ್ ಗೇರುಗಳ ಗುರುತು ಒಂದು ಹಲ್ಲು ತಪ್ಪಿದ್ದರೂ ಹೀಗಾಗುತ್ತದೆ. ಬಿಗಿ ಚೆನ್ನಾಗಿದ್ದೂ ಬಿಳಿ ಹೊಗೆ ಬಂದರೆ ನಾಜಲ್ ಪರೀಕ್ಷಿಸಿರಿ.

ಹೊಸ ರಿಂಗು ಲೈನರಿಗೆ ಹೊಂದಿಕೊಳ್ಳಲು ಕೆಲವು ಗಂಟೆ ಬೇಕು. ಆ ವೇಳೆಯಲ್ಲಿ ಎಂಜಿನ್ನನ್ನು ಸುಮ್ಮನೆ ಓಡಿಸಬೇಡಿ. ಲೈನರು ಕನ್ನಡಿಯಂತೆ ನುಣುಪಾಗಿ ರಿಂಗು ಕೂರುವುದೇ ಇಲ್ಲ. ಹದವಾದ ಹೊರೆ ಕೊಟ್ಟು ನೀರೆತ್ತಿಸಿ. ತಣಿದ ಮೇಲೆ ಹೆಡ್ಡಿನ ನಟ್ಟುಗಳ ಬಿಗಿಯನ್ನು ಕೈಪಿಡಿಯ ಪ್ರಕಾರ ನೋಡಿ, ಟ್ಯಾಪೆಟ್ ಸಂದನ್ನು ಮತ್ತೊಮ್ಮೆ ಅಳೆಯಿರಿ.